ಲಾ ಬೋಕಾದಲ್ಲಿ ಬಣ್ಣಕ್ಕಿಂತ ಮೊದಲು ನೋಡಬೇಕಾದ್ದು

ಮನೆಗೆ ಪೇಂಟ್ ಮಾಡಿಸುವವರು ಆಗಾಗ ನನಗೊಂದು ಫೋಟೋ ತೋರಿಸುತ್ತಾರೆ. ಸಾಲಾಗಿ ನೀಲಿ, ಹಳದಿ, ಕೆಂಪು ಗೋಡೆಗಳು. "ಹೀಗೇ ಬೇಕು ಸಾರ್" ಅಂತಾರೆ. ಅದು ಅರ್ಜೆಂಟೀನಾದ ಬ್ಯೂನಸ್ ಐರಿಸ್ ನಗರದ ಲಾ ಬೋಕಾ. ಹಳೆಯ ಕಟ್ಟಡಗಳ ದುರಸ್ತಿ ನನ್ನ ಕಸುಬು. ಹಾಗಾಗಿ ನನ್ನ ಕಣ್ಣು ಮೊದಲು ಹೋಗುವುದು ಬಣ್ಣದಡಿಯ ತಗಡಿಗೆ.

ರಿಯಾಚುವೆಲೊ ನದಿಯ ಬಾಯಲ್ಲಿರುವ ತಗ್ಗು ಜಾಗ ಅದು. 19ನೇ ಶತಮಾನದಲ್ಲಿ ಇಟಲಿಯ ಜಿನೋವಾ ಕಡೆಯ ನಾವಿಕರು, ಹಡಗು ಕಟ್ಟುವವರು, ಹಮಾಲರು ಬಂದು ಇಲ್ಲಿ ನೆಲೆ ನಿಂತರು. ಬೋಕಾ ಜೂನಿಯರ್ಸ್ ಫುಟ್‌ಬಾಲ್ ಕ್ಲಬ್ ಕಟ್ಟಿದ್ದೂ ಇವರ ಮಕ್ಕಳೇ, 1905ರಲ್ಲಿ. ಕ್ಲಬ್ಬಿನ ಅಭಿಮಾನಿಗಳನ್ನು ಈಗಲೂ 'ಜಿನೋವಾದವರು' ಅಂತಲೇ ಕರೆಯುತ್ತಾರೆ.

ಆಗ್ನೇಯದಿಂದ ಜೋರು ಗಾಳಿ ಬೀಸಿದರೆ ನೀರು ಬೀದಿಗೆ ನುಗ್ಗುತ್ತಿತ್ತು. ಬಂದವರ ಕೈಯಲ್ಲಿ ಕಾಸೂ ಜಾಸ್ತಿ ಇರಲಿಲ್ಲ. ಅದಕ್ಕೇ ಕೆಳಗೆ ಕಂಬ, ಮೇಲೆ ಮರದ ಚೌಕಟ್ಟು, ಅದಕ್ಕೆ ಹೊಡೆದ ಜಿಂಕ್ ಶೀಟು. ಕೆಲವು ಬೀದಿಗಳಲ್ಲಿ ಫುಟ್‌ಪಾತ್‌ಗೂ ಮೆಟ್ಟಿಲು ಹತ್ತಿಯೇ ಹೋಗಬೇಕು. ಮನೆಯೊಳಗಿನ ಜೀವನ ಮುಂಬೈ ಚಾಳಿನ ಹಾಗೆ: ಕೋಣೆಗೊಂದು ಸಂಸಾರ, ನಡುವೆ ಎಲ್ಲರಿಗೂ ಸೇರಿದ ಅಂಗಳ.

ಇನ್ನು ಬಣ್ಣ. ಶೀಟಿನ ಮೇಲಿನ ಜಿಂಕ್ ಲೇಪ ಮೊದಲು ಸೋಲುವುದು ಮೊಳೆ ಹೊಡೆದ ತೂತಿನ ಸುತ್ತ ಮತ್ತು ಕತ್ತರಿಸಿದ ಅಂಚಿನಲ್ಲಿ. ತುಕ್ಕು ಅಲ್ಲಿಂದಲೇ ಶುರು. ಪೇಂಟ್ ಬಳಿದರೆ ತಗಡು ಇನ್ನಷ್ಟು ವರ್ಷ ಬಾಳುತ್ತದೆ. ಹಡಗಿಗೆ ಬಳಿದು ಉಳಿದ ಪೇಂಟನ್ನೇ ಮನೆಗೆ ತರುತ್ತಿದ್ದರು ಅಂತ ಅಲ್ಲಿಯವರು ಹೇಳುತ್ತಾರೆ. ಒಂದು ಡಬ್ಬಿ ಮುಗಿದಲ್ಲಿ ಹಸಿರು ನಿಲ್ಲುತ್ತಿತ್ತು, ಮುಂದಿನ ಶೀಟಿಗೆ ಸಿಕ್ಕಿದ ಬಣ್ಣ.

ಫೋಟೋದಲ್ಲಿ ಕಾಣುವ ಕಾಮಿನಿತೊ ಬೀದಿಯ ಕಥೆ ಬೇರೆ. ಅದು ರೈಲು ನಿಂತು ಪಾಳುಬಿದ್ದ ಹಾದಿ. ಕಲಾವಿದ ಬೆನಿತೊ ಕಿನ್‌ಕೆಲಾ ಮಾರ್ತಿನ್ ಮುಂದೆ ನಿಂತು, 1959ರಲ್ಲಿ ಅದನ್ನು ಬಯಲು ಮ್ಯೂಸಿಯಂ ಮಾಡಿಸಿದರು. ಹುಡುಗನಾಗಿದ್ದಾಗ ಬಂದರಿನಲ್ಲಿ ಕಲ್ಲಿದ್ದಲು ಹೊತ್ತವರು ಅವರು. ಚಿತ್ರ ಮಾರಿ ಬಂದ ಹಣದಿಂದ ಜಾಗ ಕೊಂಡು ಬಡಾವಣೆಗೆ ದಾನ ಕೊಟ್ಟರು. ಅಲ್ಲಿ ಶಾಲೆ ಬಂತು, ಕೂಸುಗಳಿಗೆ ಹಾಲು ಕೊಡುವ ಕೇಂದ್ರ ಬಂತು, ಮಕ್ಕಳ ಹಲ್ಲಿನ ಆಸ್ಪತ್ರೆಯೂ ಬಂತು. ನನಗೆ ಅವರ ಮೇಲೆ ಅಪಾರ ಗೌರವ ಇರುವುದು ಇದಕ್ಕೇ. ಬರೀ ಗೋಡೆ ಚೆಂದ ಮಾಡಿ ಅವರು ಸುಮ್ನಾಗಲಿಲ್ಲ.

ಕಾಮಿನಿತೊ ದಾಟಿ ನಾಲ್ಕು ಬೀದಿ ನಡೆದರೆ ಜನ ವಾಸ ಮಾಡುತ್ತಿರುವ ತಗಡಿನ ಮನೆಗಳು ಈಗಲೂ ಸಿಗುತ್ತವೆ. ಅಲ್ಲಿನ ದೊಡ್ಡ ಭಯ ಬೆಂಕಿ. ಒಣಗಿದ ಮರ, ಹಳೇ ವೈರು, ಒತ್ತೊತ್ತಾಗಿ ಕೋಣೆ. ಊರವರೇ ಸೇರಿ 1884ರಲ್ಲೇ ಸ್ವಯಂಸೇವಕರ ಅಗ್ನಿಶಾಮಕ ದಳ ಕಟ್ಟಿಕೊಂಡರು, ದೇಶದಲ್ಲೇ ಮೊದಲನೆಯದು. ಇಂಥ ಮನೆ ಉಳಿಸಬೇಕು ಅಂದರೆ ಪೇಂಟಿನ ಡಬ್ಬಿ ತೆರೆಯುವುದು ಕೊನೆಗೆ. ಮೊದಲು ವೈರಿಂಗ್ ಬದಲಾಗಬೇಕು. ಆಮೇಲೆ ಕಂಬದ ಕೊಳೆತ ಬುಡ ಕತ್ತರಿಸಿ ಹೊಸ ಮರ ಕೂರಿಸಬೇಕು. ಇಷ್ಟನ್ನೂ ಒಂದೊಂದೇ ಕೋಣೆ ಖಾಲಿ ಮಾಡಿಸಿಕೊಂಡು ಮಾಡಬೇಕು. ಇಲ್ಲದಿದ್ದರೆ ಬಾಡಿಗೆಗೆ ಇರುವವರು ಒಮ್ಮೆ ಹೊರಗೆ ಹೋದರೆ, ಮತ್ತೆ ಒಳಗೆ ಬರುವುದು ಕಷ್ಟ.