ಮ್ಯಾಚ್ 2:10ಕ್ಕೆ, ಟಿವಿಯಲ್ಲಿ 3ಕ್ಕೆ: ಫೂಟಿ ಯಾಕೆ ತಡವಾಗಿ ಬರುತ್ತಿತ್ತು?

2007ರಿಂದ 2011ರ ನಡುವೆ ಮೆಲ್ಬರ್ನ್‌ನಲ್ಲಿ ಇದ್ದ ಕನ್ನಡಿಗರಿಗೆ ಇದು ನೆನಪಿರಬೇಕು. ಭಾನುವಾರ ಸಾಮಾನ್ಯವಾಗಿ ಮಧ್ಯಾಹ್ನ 2:10ಕ್ಕೆ ಎಂಸಿಜಿ ಮೈದಾನದಲ್ಲೋ ಡಾಕ್‌ಲ್ಯಾಂಡ್ಸ್ ಮೈದಾನದಲ್ಲೋ ಎಎಫ್‌ಎಲ್ ಮ್ಯಾಚ್, ಅಂದರೆ ಫೂಟಿ ಅಂತ ಕರೆಯುವ ಆಸ್ಟ್ರೇಲಿಯನ್ ಫುಟ್‌ಬಾಲ್‌ನ ದೊಡ್ಡ ಲೀಗ್‌ನ ಆಟ, ಶುರುವಾಗುತ್ತಿತ್ತು. ಚಾನೆಲ್ ಸೆವೆನ್‌ನಲ್ಲಿ ಅದೇ ಮ್ಯಾಚ್ ಬರುತ್ತಿದ್ದದ್ದು 3 ಗಂಟೆಗೆ. ಮೈದಾನದಲ್ಲಿ ಕೊನೆಯ ಸೈರನ್ ಹೊಡೆದು ಜನ ರೈಲು ಹಿಡಿಯಲು ಹೊರಟಾಗ, ಮನೆಯಲ್ಲಿ ಕೂತವರು ಇನ್ನೂ ಮೂರನೇ ಕ್ವಾರ್ಟರ್ ನೋಡುತ್ತಿದ್ದರು. ರೇಡಿಯೊ ಹಾಕಿದರೆ ಸ್ಕೋರ್ ಗೊತ್ತಾಗಿಬಿಡುತ್ತದೆ ಅಂತ ಅದನ್ನು ಆಫ್ ಮಾಡಿ, ಫೋನ್ ಮುಟ್ಟದೆ ಕೂರಬೇಕು. ಲೈವ್ ತೋರಿಸೋಕೆ ಇವರಿಗೇನು ಧಾಡಿ ಅಂತ ಆಗ ಎಲ್ಲರೂ ಬೈಯುತ್ತಿದ್ದರು.

ನಾನು ಚಾನೆಲ್ ಶೆಡ್ಯೂಲಿಂಗ್ ಕೆಲಸದವನು. ಯಾವ ಕಾರ್ಯಕ್ರಮ ಎಷ್ಟು ಗಂಟೆ, ಎಷ್ಟು ಸೆಕೆಂಡಿಗೆ ಗಾಳಿಗೆ ಹೋಗಬೇಕು ಅಂತ ಪಟ್ಟಿ ಮಾಡುವುದೇ ನಮ್ಮ ಉದ್ಯೋಗ. ಆದ್ದರಿಂದ ಈ 50 ನಿಮಿಷದ ಗುಟ್ಟು ಹೇಳಬಲ್ಲೆ. ಅದರ ಹೆಸರು ಸಂಜೆ 6 ಗಂಟೆಯ ನ್ಯೂಸ್.

ಪಟ್ಟಿಯಲ್ಲಿ ಎರಡು ಥರದ ಸಾಲುಗಳಿರುತ್ತವೆ. ಹೆಚ್ಚಿನವು ಹಿಂದಿನದು ಮುಗಿದ ತಕ್ಷಣ ತಾವೇ ಶುರುವಾಗುತ್ತವೆ. ಕೆಲವು ಮಾತ್ರ ಫಿಕ್ಸೆಡ್, ಆಕಾಶ ಕಳಚಿ ಬಿದ್ದರೂ ಆ ಹೊತ್ತಿಗೇ ಹೋಗಬೇಕು. 18:00:00ರ ನ್ಯೂಸ್ ಆ ಜಾತಿಯದು. ಆಸ್ಟ್ರೇಲಿಯಾದಲ್ಲಿ 6ರ ನ್ಯೂಸ್ ಯಾರು ಗೆಲ್ಲುತ್ತಾರೋ ಆ ರಾತ್ರಿಯ ಬಹುಪಾಲು ಅವರದ್ದೇ ಅನ್ನುವ ನಂಬಿಕೆ ಬಲವಾಗಿತ್ತು. ಮೆಲ್ಬರ್ನ್‌ನಲ್ಲಿ ಸೆವೆನ್ ಮತ್ತು ನೈನ್ ಚಾನೆಲ್‌ಗಳು ಅದಕ್ಕಾಗಿ ವರ್ಷಗಟ್ಟಲೆ ಹೊಡೆದಾಡಿವೆ. ಫೂಟಿ ನೋಡುತ್ತಿದ್ದ ಲಕ್ಷಗಟ್ಟಲೆ ಜನ ರಿಮೋಟ್ ಮುಟ್ಟುವ ಮುಂಚೆ ನ್ಯೂಸ್ ಶುರುವಾಗಿಬಿಡಬೇಕು, ಅಷ್ಟೆ.

ತೊಂದರೆ ಏನೆಂದರೆ ಈ ಆಟ ಎಷ್ಟು ಹೊತ್ತಿಗೆ ಮುಗಿಯುತ್ತದೆ ಅಂತ ಯಾರಿಗೂ ಮೊದಲೇ ಗೊತ್ತಿರುವುದಿಲ್ಲ. ಒಂದು ಕ್ವಾರ್ಟರ್ ಹೆಸರಿಗೆ 20 ನಿಮಿಷ. ಗೋಲ್ ಆದಾಗ, ಚೆಂಡು ಗೆರೆ ದಾಟಿದಾಗ ಗಡಿಯಾರ ನಿಲ್ಲುತ್ತದೆ. ಆ ಸಮಯವನ್ನೆಲ್ಲ ಕೊನೆಗೆ ಸೇರಿಸುತ್ತಾರೆ. ಹಾಗಾಗಿ ನಿಜವಾಗಿ 30 ನಿಮಿಷದ ಆಚೀಚೆ. ನಾಲ್ಕು ಕ್ವಾರ್ಟರ್, ನಡುವೆ 6 ನಿಮಿಷದ ಎರಡು ಬಿಡುವು, 20 ನಿಮಿಷದ ಹಾಫ್‌ಟೈಮ್. ಎಲ್ಲಾ ಕೂಡಿಸಿದರೆ ಎರಡೂವರೆ ಗಂಟೆ ಚಿಲ್ಲರೆ, ಆ ಚಿಲ್ಲರೆ ಎಷ್ಟು ಅನ್ನುವುದೇ ತಲೆನೋವು.

ಈಗ 50 ನಿಮಿಷ ತಡ ಮಾಡಿದರೆ ಏನಾಗುತ್ತದೆ ನೋಡಿ. 4:45ರ ಸುಮಾರಿಗೆ ಮೈದಾನದಲ್ಲಿ ಆಟ ಮುಗಿದಿರುತ್ತದೆ. ನಮ್ಮ ಕೈಗೆ ಪೂರ್ತಿ ಟೇಪ್ ಬಂದಿರುತ್ತದೆ, 6 ಗಂಟೆಗೆ ಇನ್ನೂ ಒಂದೂಕಾಲು ಗಂಟೆ ಇರುತ್ತದೆ. ಅಲ್ಲಿಂದ ಹಿಂದಕ್ಕೆ ಲೆಕ್ಕ. ಇಷ್ಟು ನಿಮಿಷದ ಆಟ ಉಳಿದಿದೆ, ಇಷ್ಟು ಜಾಹೀರಾತು ಹಾಕಬಹುದು, ಬಿಡುವಿನ ಹರಟೆಯನ್ನು ಇಷ್ಟು ಕತ್ತರಿಸಬೇಕು, ಮುಗಿದ ಮೇಲೆ ಕೋಚ್ ಮಾತು ಇಷ್ಟು ಸಾಕು. ಜಾಹೀರಾತಿಗೂ ಅನುಕೂಲ. ಲೈವ್ ಆದರೆ ಗೋಲ್ ಆದ ಮೇಲೆ ಚೆಂಡು ನಡುಮೈದಾನಕ್ಕೆ ಬಂದು ಮತ್ತೆ ಆಟ ಶುರುವಾಗುವಷ್ಟರಲ್ಲಿ ತುರುಕಬೇಕು, ಒಂದು ಸ್ವಲ್ಪ ಜಾಸ್ತಿಯಾದರೆ ಆಟವೇ ತಪ್ಪಿಹೋಗುತ್ತದೆ. ಟೇಪ್ ಆದರೆ ಆ ಹೆದರಿಕೆ ಇಲ್ಲ, ಎಷ್ಟು ಹೊತ್ತು ಬೇಕಾದರೂ ನಿಲ್ಲಿಸಿ ಅಲ್ಲಿಂದಲೇ ಮುಂದುವರಿಸಬಹುದು. ನೋಡುವವನಿಗೆ ಕಿರಿಕಿರಿ, ಪಟ್ಟಿ ಮಾಡುವವನಿಗೆ ಸುಖ.

ಶುಕ್ರವಾರ ರಾತ್ರಿಯದು ಇದೇ ಆಟ, ಬೇರೆ ವೇಷ. ಮೆಲ್ಬರ್ನ್‌ನಲ್ಲಿ ಮ್ಯಾಚ್ 7:40ರ ಸುಮಾರಿಗೆ ಶುರುವಾದರೆ ಸೆವೆನ್‌ನಲ್ಲಿ ಬರುತ್ತಿದ್ದದ್ದು 8:30ಕ್ಕೆ. ಅದಕ್ಕೂ ಮುಂಚೆ ‘ಬೆಟರ್ ಹೋಮ್ಸ್ ಅಂಡ್ ಗಾರ್ಡನ್ಸ್’. ತೋಟ, ಅಡುಗೆ, ಮನೆ ರಿಪೇರಿ. ಫೂಟಿ ಅಭಿಮಾನಿಗಳು ಆ ಕಾರ್ಯಕ್ರಮಕ್ಕೆ ಹಾಕಿದ ಶಾಪ ಅಷ್ಟಿಷ್ಟಲ್ಲ. ಆದರೆ ಅದಕ್ಕೆ ಒಳ್ಳೆಯ ರೇಟಿಂಗ್ ಇತ್ತು, ಫೂಟಿಗೂ ಇತ್ತು. ಎರಡನ್ನೂ ಹಿಂದೆ ಮುಂದೆ ಇಟ್ಟರೆ ರಾತ್ರಿಯಿಡೀ ನಮ್ಮದೇ ಅಂತ ಯಾವ ಶೆಡ್ಯೂಲರ್ ಆದರೂ ಯೋಚಿಸುತ್ತಾನೆ. ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಪರ್ತ್‌ನವರ ಪಾಡು ಇನ್ನೂ ಕಷ್ಟ. ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ಮೆಲ್ಬರ್ನ್‌ಗಿಂತ 2 ಗಂಟೆ ಹಿಂದೆ. ಮೆಲ್ಬರ್ನ್‌ನ 7:40 ಅಂದರೆ ಅಲ್ಲಿ 5:40. ಅಂದರೆ ಲೈವ್ ಹಾಕಿದರೆ ಸರಿಯಾಗಿ 6ರ ನ್ಯೂಸ್ ಮೇಲೆ ಬಂದು ಕೂರುತ್ತದೆ! ಅದು ಸಾಧ್ಯವೇ ಇಲ್ಲ. ನ್ಯೂಸ್ ಆಗಬೇಕು, ಸಂಜೆಯ ಕಾರ್ಯಕ್ರಮ ಆಗಬೇಕು, ಆಮೇಲೆ ಫೂಟಿ. ಫೂಟಿಗೆ ಪ್ರಾಣ ಬಿಡುವ ಊರು ಅದು, ಆದರೂ ಶುಕ್ರವಾರದ ಮ್ಯಾಚ್ ಅವರ ಮನೆಗೆ ಬರುವ ಹೊತ್ತಿಗೆ ಹಳಸಿರುತ್ತಿತ್ತು. ಸಿಡ್ನಿ, ಬ್ರಿಸ್ಬೇನ್ ಕಥೆ ಬೇರೆ. ಅಲ್ಲಿ ರಗ್ಬಿ ಲೀಗ್‌ನದ್ದೇ ರಾಜ್ಯಭಾರ, ಎಎಫ್‌ಎಲ್ ತಡರಾತ್ರಿಗೆ ಹೋಗುತ್ತಿತ್ತು, ಕೇಳುವವರೂ ಕಡಿಮೆ.

ಹಾಗಾದರೆ ಮೊದಲಿನಿಂದಲೂ ಚಾನೆಲ್‌ನವರದ್ದೇ ತಪ್ಪಾ? ಇಲ್ಲ. ಮೊದಲು ಲೈವ್ ಬೇಡ ಅಂದವರು ಕ್ಲಬ್‌ಗಳು ಮತ್ತು ಲೀಗ್.

ಮೆಲ್ಬರ್ನ್‌ಗೆ ಟಿವಿ ಬಂದದ್ದು 1956ರಲ್ಲಿ, ಒಲಿಂಪಿಕ್ಸ್‌ಗೆ ಸ್ವಲ್ಪ ಮುಂಚೆ. 1957ರಲ್ಲೇ ಫೂಟಿ ತೋರಿಸಿದರು, ಅದೂ ಕೊನೆಯ ಕ್ವಾರ್ಟರ್ ಮಾತ್ರ. ಆಗಿನ ವಿಎಫ್‌ಎಲ್‌ನಲ್ಲಿ (ಎಎಫ್‌ಎಲ್‌ನ ಹಳೆಯ ಹೆಸರು) 12 ತಂಡ, 6 ಮ್ಯಾಚ್, ಎಲ್ಲವೂ ಶನಿವಾರ ಮಧ್ಯಾಹ್ನ ಒಟ್ಟಿಗೇ. ಕ್ಲಬ್‌ಗಳು ಬದುಕುತ್ತಿದ್ದದ್ದು ಗೇಟ್ ಕಲೆಕ್ಷನ್‌ನಿಂದ. ಮನೆಯಲ್ಲಿ ಬಿಟ್ಟಿ ಸಿಕ್ಕರೆ ಚಳಿಯಲ್ಲಿ, ಮಳೆಯಲ್ಲಿ ಟಿಕೆಟ್ ಕೊಟ್ಟು ಬರುವವರು ಯಾರು? 60ರ ದಶಕದಲ್ಲಿ ಲೈವ್ ನಿಂತೇ ಹೋಯಿತು, ಸಂಜೆಯ ರೀಪ್ಲೇ ಮಾತ್ರ ಉಳಿಯಿತು. 1970ರ ಗ್ರ್ಯಾಂಡ್ ಫೈನಲ್‌ಗೆ ಎಂಸಿಜಿಯಲ್ಲಿ 1,21,696 ಜನ ಸೇರಿದ್ದರು, ಆ ದಾಖಲೆ ಇವತ್ತಿಗೂ ಮುರಿದಿಲ್ಲ. ಮೆಲ್ಬರ್ನ್ ಮನೆಗಳಲ್ಲಿ ಆ ಆಟ ಲೈವ್ ಬರಲಿಲ್ಲ.

ಗ್ರ್ಯಾಂಡ್ ಫೈನಲ್ ಮೆಲ್ಬರ್ನ್‌ನಲ್ಲೇ ಲೈವ್ ಬಂದದ್ದು 1977ರಲ್ಲಿ. ಲೈವ್ ಇದ್ದರೂ ಮೈದಾನಕ್ಕೆ 1,08,224 ಜನ ಬಂದರು. ನಾರ್ತ್ ಮೆಲ್ಬರ್ನ್ 76, ಕಾಲಿಂಗ್‌ವುಡ್ 76, ಡ್ರಾ! ಮುಂದಿನ ಶನಿವಾರ ಮತ್ತೆ ಆಡಿದರು, ಅದನ್ನೂ ಲೈವ್ ತೋರಿಸಿದರು. ಗೇಟ್ ಖಾಲಿಯಾಗುತ್ತದೆ ಅನ್ನುವ ವಾದಕ್ಕೆ ಇದಕ್ಕಿಂತ ಉತ್ತರ ಬೇಕಾ? ಆದರೂ ಲೀಗ್‌ನ ಭಯ ಅಷ್ಟು ಸುಲಭವಾಗಿ ಹೋಗಲಿಲ್ಲ, ವಾರದ ಮಾಮೂಲಿ ಮ್ಯಾಚ್‌ಗೆ ಹಳೆಯ ನಿಯಮವೇ ಮುಂದುವರಿಯಿತು.

ಆ ನಿಯಮಕ್ಕೆ ಸಿಕ್ಕ ಕಿಂಡಿ ಅಂದರೆ ಭಾನುವಾರ ಮತ್ತು ದೂರದ ಊರು. 1982ರಲ್ಲಿ ಸೌತ್ ಮೆಲ್ಬರ್ನ್ ತಂಡ ಸಿಡ್ನಿಗೆ ಗುಳೆ ಹೋಯಿತು. ಅದರ ಭಾನುವಾರದ ಮ್ಯಾಚ್‌ಗಳನ್ನು ಮೆಲ್ಬರ್ನ್‌ಗೆ ಲೈವ್ ಕೊಟ್ಟರು. ಮೆಲ್ಬರ್ನ್‌ನಲ್ಲಿ ಆ ಹೊತ್ತಿಗೆ ಲೀಗ್‌ನ ಬೇರೆ ಆಟ ಇಲ್ಲ, ಕಾಯಬೇಕಾದ ಗೇಟ್ ಕೂಡ ಇಲ್ಲ. ತಂಡ ಕಳೆದುಕೊಂಡ ಅಭಿಮಾನಿಗಳ ಸಂಕಟ ಬೇರೆ ವಿಷಯ, ಆದರೆ ಟಿವಿ ಲೆಕ್ಕದಲ್ಲಿ ಆ ಸ್ಥಳಾಂತರ ಬಂಗಾರದಂಥದ್ದು. 1985ರಿಂದ ಎಂಸಿಜಿಯ ದೀಪದಡಿ ಶುಕ್ರವಾರ ರಾತ್ರಿಯ ಆಟ ಶುರುವಾಯಿತು. ಒಟ್ಟಿಗೇ ನಡೆಯುತ್ತಿದ್ದ ಮ್ಯಾಚ್‌ಗಳು ಹೀಗೆ ಒಂದೊಂದಾಗಿ ಬೇರೆ ಬೇರೆ ಹೊತ್ತಿಗೆ ಹೋದವು. ಒಂದೇ ಹೊತ್ತಿಗೆ ಆರು ಮ್ಯಾಚ್ ಇದ್ದರೆ ಟಿವಿಗೆ ಐದು ದಂಡ, ಅಲ್ವಾ?

ಗೇಟ್ ಭಯ ಕರಗಿದ ಮೇಲೆ ನ್ಯೂಸ್ ಲೆಕ್ಕ ಬಂದು ಅದರ ಜಾಗದಲ್ಲಿ ಕೂತಿತು. ಕಾನೂನೂ ತಡೆಯಲಿಲ್ಲ. 1994ರಲ್ಲಿ ಆಂಟಿ-ಸೈಫನಿಂಗ್ ಪಟ್ಟಿ ಬಂತು. ಅದರಲ್ಲಿರುವ ಆಟಗಳ ಹಕ್ಕು ಮೊದಲು ಆಂಟೆನಾದಲ್ಲಿ ಬಿಟ್ಟಿ ಸಿಗುವ ಚಾನೆಲ್‌ಗಳಿಗೆ, ಆಮೇಲೆ ದುಡ್ಡು ಕೊಟ್ಟು ನೋಡುವ ಪೇ ಟಿವಿಗೆ. ಆದರೆ ಹಕ್ಕು ಕೊಂಡವರು ಲೈವ್ ತೋರಿಸಲೇಬೇಕು ಅಂತ ಅದರಲ್ಲಿ ಇರಲಿಲ್ಲ. ಹಕ್ಕಿತ್ತು, ಹಂಗಿರಲಿಲ್ಲ. 2007ರಿಂದ ಐದು ವರ್ಷಕ್ಕೆ 78 ಕೋಟಿ ಡಾಲರ್ ಒಪ್ಪಂದ, ಅಷ್ಟು ಸುರಿದವರು ಯಾವ ಹೊತ್ತಿಗೆ ತೋರಿಸಿದರೆ ಗಿಟ್ಟುತ್ತದೆ ಅಂತ ನೋಡದೆ ಇರುತ್ತಾರಾ?

2012ರಿಂದ ಆಟ ಬದಲಾಯಿತು. ಹೊಸ ಒಪ್ಪಂದ 125 ಕೋಟಿ ಡಾಲರ್‌ಗೂ ಮೇಲೆ. ಗ್ರ್ಯಾಂಡ್ ಫೈನಲ್ ಬಿಟ್ಟು ಎಲ್ಲಾ ಮ್ಯಾಚ್‌ಗಳನ್ನೂ ಪೇ ಟಿವಿಯ ಫಾಕ್ಸ್‌ಟೆಲ್ ಲೈವ್ ತೋರಿಸತೊಡಗಿತು. ಪಕ್ಕದ ಮನೆಯವನು ಗೋಲ್ ನೋಡಿ ಕೂಗುವಾಗ ನೀವು 50 ನಿಮಿಷ ಹಿಂದಿನ ಟೇಪ್ ಹಾಕಿ ಕೂರೋಕೆ ಆಗುತ್ತಾ? ಮೆಲ್ಬರ್ನ್‌ನಲ್ಲಿ ಶುಕ್ರವಾರದ ಆಟ ಲೈವ್ ಆಯಿತು. ಸಿಡ್ನಿಯವರಿಗೆ ಸೆವೆನ್‌ಮೇಟ್ ಎಂಬ ಎರಡನೇ ಚಾನೆಲ್ ಇತ್ತು, ರಗ್ಬಿ ಊರಲ್ಲಿ ಮುಖ್ಯ ಚಾನೆಲ್ ಕೆಡಿಸಿಕೊಳ್ಳದೆ ಫೂಟಿ ತೋರಿಸಲು ಅದು ಸಾಕಾಯಿತು. ಭಾನುವಾರದ ಮ್ಯಾಚ್ ಮೈದಾನದಲ್ಲೇ 3 ಗಂಟೆಯ ಆಚೆಗೆ ಸರಿಯಿತು. ಗಮನಿಸಿ, ನ್ಯೂಸ್ 6ರಿಂದ ಕದಲಲಿಲ್ಲ. ಟಿವಿ ಬಂದು ಆಟಕ್ಕೆ ಹೊಂದಿಕೊಳ್ಳಲಿಲ್ಲ, ಆಟವೇ ಟಿವಿ ಹೊತ್ತಿಗೆ ಬಂದು ನಿಂತಿತು.

ಈ ಜಗ್ಗಾಟಕ್ಕೆ ಇನ್ನೂ ಪೂರ್ತಿ ಬಗ್ಗದೆ ಉಳಿದಿರುವುದು ಗ್ರ್ಯಾಂಡ್ ಫೈನಲ್ ಒಂದೇ. ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆಯ ಶನಿವಾರ, ಮಧ್ಯಾಹ್ನ 2:30. ಕೋವಿಡ್ ಕಾಲದಲ್ಲಿ 2020ರದ್ದು ಬ್ರಿಸ್ಬೇನ್‌ನ ಗಾಬಾದಲ್ಲಿ ರಾತ್ರಿ ನಡೆಯಿತು, 2021ರದ್ದು ಪರ್ತ್‌ನಲ್ಲಿ, ಮೆಲ್ಬರ್ನ್ ಟಿವಿಗೆ ಅದೂ ರಾತ್ರಿಯೇ. 2022ಕ್ಕೆ ಮತ್ತೆ ಎಂಸಿಜಿ, ಮತ್ತೆ 2:30. ರಾತ್ರಿಗೆ ಹಾಕಿ ಅಂತ ಟಿವಿಯವರ ಗೋಗರೆತ ಪ್ರತಿ ವರ್ಷ ಇದ್ದದ್ದೇ, ರಾತ್ರಿ ಜಾಹೀರಾತಿನ ರೇಟೇ ಬೇರೆ ನೋಡಿ. ನನ್ನ ಕಸುಬು ಮರೆತು ಹೇಳುವುದಾದರೆ 2:30 ಇರಲಿ. 5:15ರ ಹೊತ್ತಿಗೆ ಆಟ ಮುಗಿಯುತ್ತದೆ, ಕಪ್ ಕೊಡುತ್ತಾರೆ, ಸೋತವರು ಅಳುವುದನ್ನೂ ಗೆದ್ದವರು ಹಾಡುವುದನ್ನೂ ಸಮಾಧಾನವಾಗಿ ತೋರಿಸಬಹುದು. ಎಷ್ಟೇ ಎಳೆದರೂ 6ರ ನ್ಯೂಸ್‌ಗೆ ಬೇಕಾದಷ್ಟು ಟೈಮ್ ಇರುತ್ತದೆ.