ಚರ್ಮದ ಕಲೆಗಿಂತ ಅದನ್ನು ಮುಚ್ಚಿಡುವುದೇ ಜಾಸ್ತಿ ದಣಿಸುತ್ತದೆ

ಏಪ್ರಿಲ್ ಬಿಸಿಲಲ್ಲೂ ಉದ್ದ ತೋಳಿನ ಕುರ್ತಾ ಹಾಕಿಕೊಂಡು ಯಾರಾದರೂ ಆಪ್ತಸಲಹೆಗೆ ಬಂದರೆ ನಾನು ಮೊದಲು ಫ್ಯಾನ್ ಜೋರು ಮಾಡುತ್ತೇನೆ. ತೋಳಿನ ಮಾತು ಎತ್ತುವುದಿಲ್ಲ. ಅವರೇ ಹೇಳಲಿ ಅಂತ ಕಾಯುತ್ತೇನೆ.

ಆ ತೋಳಿನಡಿ ಅಡಗಿರುವುದು ಎಷ್ಟೋ ಸಲ ತೊನ್ನು. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನು ದೇಹದ ರಕ್ಷಣಾ ವ್ಯವಸ್ಥೆಯೇ ನಾಶ ಮಾಡಿದಾಗ ಈ ಬಿಳಿ ಕಲೆ ಮೂಡುತ್ತದೆ. ಮುಟ್ಟಿದರೆ ಅಂಟುವುದಿಲ್ಲ, ಒಂದೇ ತಟ್ಟೆಯಲ್ಲಿ ಉಂಡರೂ ಅಂಟುವುದಿಲ್ಲ. ಮೀನು ತಿಂದು ಹಾಲು ಕುಡಿದರೆ ಬರುತ್ತದೆ ಅನ್ನುವುದೂ ಸುಳ್ಳು. ಆದರೂ ‘ಬಿಳಿ ಕುಷ್ಠ’ ಎಂಬ ಹಳೆಯ ಹೆಸರು ಇನ್ನೂ ಜನರ ಬಾಯಲ್ಲಿದೆ. ಕುಷ್ಠ ಬ್ಯಾಕ್ಟೀರಿಯಾದಿಂದ ಬರುವ ಬೇರೆಯೇ ಕಾಯಿಲೆ. ಆ ಹೆಸರನ್ನು ದಯವಿಟ್ಟು ಬಿಟ್ಟುಬಿಡಿ. ಅದನ್ನು ಕೇಳಿ ಮನೆಯೊಳಗೇ ಉಳಿದ ಹೆಣ್ಣುಮಕ್ಕಳನ್ನು ನಾನು ನೋಡಿದ್ದೇನೆ.

ಕಲೆ ದೊಡ್ಡದಿದ್ದರೆ ನೋವೂ ದೊಡ್ಡದು ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಹಾಗೇನೂ ಇಲ್ಲ. ಮುಖದ ತುಂಬ ಕಲೆ ಇರುವವರು ನೆಮ್ಮದಿಯಾಗಿ ಅಂಗಡಿ ನಡೆಸುತ್ತಾರೆ. ಬೆರಳ ತುದಿಯಲ್ಲಿ ಒಂದು ಚುಕ್ಕೆ ಇರುವವರು ಅರಿಶಿನ ಕುಂಕುಮಕ್ಕೆ ಕರೆದರೂ ಹೋಗುವುದಿಲ್ಲ. ದಣಿಸುವುದು ಕಾವಲು. ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದರೆ ತೋಳು ಜಾರುತ್ತದಾ, ಫೋಟೋದಲ್ಲಿ ಯಾವ ಬದಿ ನಿಲ್ಲಬೇಕು, ದಿನವಿಡೀ ಇದೇ ಲೆಕ್ಕ.

1980ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಕ್ಲೆಕ್ ಮತ್ತು ಸ್ಟ್ರೆಂಟಾ ಒಂದು ಪ್ರಯೋಗ ಪ್ರಕಟಿಸಿದರು. ಕೆಲವರ ಮುಖಕ್ಕೆ ಮೇಕಪ್‌ನಲ್ಲಿ ಗಾಯದ ಗುರುತು ಬರೆದು ಕನ್ನಡಿ ತೋರಿಸಿದರು. ಆಮೇಲೆ ಕ್ರೀಮ್ ಹಚ್ಚುವ ನೆಪದಲ್ಲಿ ಅದನ್ನು ಗೊತ್ತಾಗದಂತೆ ಒರೆಸಿಬಿಟ್ಟರು. ಮುಖದಲ್ಲಿ ಏನೂ ಇರಲಿಲ್ಲ. ಆದರೂ ಎದುರಿನವರು ತಮ್ಮ ಗಾಯ ನೋಡಿಯೇ ಬೇರೆ ಥರ ನಡೆದುಕೊಂಡರು ಅಂತ ಅವರು ಹೇಳಿದರು. ಕಾವಲು ಕಾಯುವ ಮನಸ್ಸಿಗೆ ಪ್ರತಿ ನೋಟವೂ ಕಲೆಯ ಮೇಲೇ ಬಿದ್ದಂತೆ ಕಾಣುತ್ತದೆ.

ಇದನ್ನು ಹಿಡಿದುಕೊಂಡು ‘ಎಲ್ಲ ನಿನ್ನ ಭ್ರಮೆ’ ಅನ್ನಬೇಡಿ. ನಮ್ಮ ಊರುಗಳಲ್ಲಿ ಜನ ನಿಜವಾಗಿಯೂ ದಿಟ್ಟಿಸುತ್ತಾರೆ. ‘ನಾಗದೋಷ ಇರಬೇಕು, ಪೂಜೆ ಮಾಡಿಸಿದಿರಾ?’ ಅಂತ ಮದುವೆಮನೆಯಲ್ಲೇ ಕೇಳುತ್ತಾರೆ. ನಾನು ಎರಡನ್ನೂ ಒಪ್ಪಿಕೊಂಡೇ ಕೆಲಸ ಶುರುಮಾಡುತ್ತೇನೆ.

ಮೊದಲ ಅಭ್ಯಾಸ ಒಂದು ಸಿದ್ಧ ಮಾತು. ಸುಟ್ಟ ಗಾಯದ ಗುರುತಿನೊಂದಿಗೆ ಬದುಕಿದ ಜೇಮ್ಸ್ ಪಾರ್ಟ್ರಿಜ್ 1992ರಲ್ಲಿ ಬ್ರಿಟನ್‌ನಲ್ಲಿ ಇಂಥವರಿಗಾಗಿಯೇ ಒಂದು ಸಂಸ್ಥೆ ಕಟ್ಟಿದರು. ಅಲ್ಲಿ ಕಲಿಸುವ ಕ್ರಮ ನಮಗೂ ಒಗ್ಗುತ್ತದೆ: ಚಿಕ್ಕದಾಗಿ ಹೇಳು, ಧೈರ್ಯ ಕೊಡು, ಮಾತು ತಿರುಗಿಸು. ‘ಇದು ತೊನ್ನು ಆಂಟಿ, ಅಂಟೋದಿಲ್ಲ. ನಿಮ್ಮ ಮಗಳು ಈಗ ಯಾವ ಕ್ಲಾಸು?’ ಇಷ್ಟೇ. ಮನೆಯಲ್ಲಿ ಜೋರಾಗಿ ಹತ್ತು ಸಲ ಹೇಳಿ ನೋಡಬೇಕು. ನಾಲಿಗೆಗೆ ರೂಢಿಯಾಗದ ಮಾತು ಬೇಕಾದಾಗ ಬರುವುದಿಲ್ಲ.

ಆಮೇಲೆ ತೋಳು. ಒಂದೇ ಸಲಕ್ಕೆ ಮಡಿಸು ಅನ್ನುವುದಿಲ್ಲ. ಮೊದಲು ಮನೆಯ ಜಗುಲಿ, ಮುಂದಿನ ವಾರ ಹಾಲಿನ ಬೂತ್, ಕೊನೆಗೆ ಆಫೀಸು. ಚರ್ಮದ ವೈದ್ಯರ ಬಳಿ ಕ್ರೀಮ್, ಬೆಳಕಿನ ಚಿಕಿತ್ಸೆ ಇವೆ, ಬೇಗ ಹೋದಷ್ಟೂ ಒಳ್ಳೆಯದು. ಆದರೆ ಬೆರಳ ತುದಿಯಲ್ಲಿ ಬಣ್ಣ ಮರಳುವುದು ಕಷ್ಟ. ಅದು ಮರಳಲಿ ಅಂತ ಕಾಯುತ್ತಾ ಮದುವೆ, ಕೆಲಸ, ಈಜು ಎಲ್ಲವನ್ನೂ ಮುಂದೂಡಬೇಡಿ ಅಂತ ಬಂದವರಿಗೆಲ್ಲ ಕೇಳಿಕೊಳ್ಳುತ್ತೇನೆ.

ಮನೆಯವರು ದಿನಾ ಬೆಳಿಗ್ಗೆ ‘ಕಡಿಮೆಯಾಯ್ತಾ?’ ಅಂತ ಕೈ ಹಿಡಿದು ನೋಡುವುದನ್ನು ನಿಲ್ಲಿಸಿದರೆ ನನ್ನ ಅರ್ಧ ಕೆಲಸ ಹಗುರಾಗುತ್ತದೆ.