ವಯಸ್ಸಾದವರಿಗೆ ಸೊಂಟನೋವು ಇದ್ದದ್ದೇ ಎಂದು ಸುಮ್ಮನಿರಬಹುದೇ?

ಪ್ರಶ್ನೆ: ನಮ್ಮ ತಾಯಿಯವರಿಗೆ 72 ವರ್ಷ. ಕೆಲವು ತಿಂಗಳಿಂದ ಸೊಂಟನೋವಿದೆ. ಎಕ್ಸ್-ರೇ ನೋಡಿದವರು ಬೆನ್ನುಮೂಳೆ ಸವೆದಿದೆ ಎಂದರು. ಈ ವಯಸ್ಸಿನಲ್ಲಿ ಇದು ಎಲ್ಲರಿಗೂ ಬರುವುದೇ?

ಉತ್ತರ: ಎಲ್ಲರಿಗೂ ಬರುವುದಿಲ್ಲ, ಆದರೆ ಬಹಳ ಜನರಿಗೆ ಬರುತ್ತದೆ. 2020ರಲ್ಲಿ ಜಗತ್ತಿನಾದ್ಯಂತ ಸುಮಾರು 61.9 ಕೋಟಿ ಜನರಿಗೆ ಸೊಂಟನೋವು ಇತ್ತೆಂದು ಅಂದಾಜಿದೆ. 2050ರ ವೇಳೆಗೆ ಈ ಸಂಖ್ಯೆ 84.3 ಕೋಟಿಗೆ ಏರಬಹುದು. ನೋವಿರುವವರ ಒಟ್ಟು ಸಂಖ್ಯೆ 50ರಿಂದ 55 ವರ್ಷದವರಲ್ಲಿ ಅತಿ ಹೆಚ್ಚು. ಆದರೂ ಆಯಾ ವಯಸ್ಸಿನವರಲ್ಲಿ ನೋವಿರುವವರ ಪಾಲು ಸುಮಾರು 80 ವರ್ಷದವರೆಗೂ ಹೆಚ್ಚುತ್ತಲೇ ಹೋಗುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು.

ವಯಸ್ಸಾದಂತೆ ಕಶೇರುಗಳ (ಬೆನ್ನುಮೂಳೆಯ ಒಂದೊಂದು ತುಂಡು ಮೂಳೆಯ) ನಡುವಿನ ಮೆತ್ತೆಯಂಥ ಡಿಸ್ಕ್‌ಗಳು ನೀರಿನಂಶ ಕಳೆದುಕೊಂಡು ತೆಳುವಾಗುತ್ತವೆ. ಅವು ಹೊರುತ್ತಿದ್ದ ಭಾರದ ಒಂದಿಷ್ಟು ಪಾಲು ಹಿಂಬದಿಯ ಚಿಕ್ಕ ಕೀಲುಗಳ ಮೇಲೆ ಬಿದ್ದು, ಆ ಕೀಲುಗಳೂ ಸವೆಯುತ್ತವೆ. ಬೆನ್ನನ್ನು ಎತ್ತಿಹಿಡಿಯುವ ಸ್ನಾಯುಗಳೂ ಕ್ಷೀಣಿಸುತ್ತವೆ. ಕೆಲವರಲ್ಲಿ ನರಗಳು ಹಾದುಹೋಗುವ ದಾರಿ ಕಿರಿದಾಗಿ, ಸ್ವಲ್ಪ ದೂರ ನಡೆದರೆ ಕಾಲು ನೋಯುತ್ತದೆ ಅಥವಾ ಜೋಮು ಹಿಡಿಯುತ್ತದೆ. ಕುಳಿತರೆ ಅಥವಾ ಮುಂದಕ್ಕೆ ಬಾಗಿದರೆ ಆರಾಮವೆನಿಸುತ್ತದೆ. ಮುಟ್ಟು ನಿಂತ ಮೇಲೆ ಮೂಳೆಯ ಸಾಂದ್ರತೆ ಬೇಗ ಕುಗ್ಗುವುದರಿಂದ, ದೊಡ್ಡ ಪೆಟ್ಟೇನೂ ಬೀಳದೆ ಕಶೇರು ಕುಸಿಯುವುದೂ ಉಂಟು. ಹಿರಿಯ ಮಹಿಳೆಗೆ ಇದ್ದಕ್ಕಿದ್ದಂತೆ ತೀವ್ರ ನೋವು ಶುರುವಾದರೆ ಇದನ್ನು ಮೊದಲು ನೆನೆಯಬೇಕು.

ಇನ್ನು ಎಕ್ಸ್-ರೇಯ ಮಾತು. ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ನೋಡಿದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ, ಡಿಸ್ಕ್ ಸವೆತ 20ರ ವಯಸ್ಸಿನಲ್ಲೇ ಶೇ. 37 ಜನರಲ್ಲಿತ್ತು, 80ರ ವಯಸ್ಸಿನಲ್ಲಿ ಶೇ. 96 ಜನರಲ್ಲಿತ್ತು. ಅಂದರೆ ಕೂದಲು ನರೆಯುವಂತೆ ಡಿಸ್ಕ್ ಸವೆಯುವುದೂ ವಯಸ್ಸಿನ ಗುರುತು. ಅದು ಕಂಡಿತೆಂದ ಮಾತ್ರಕ್ಕೆ ನೋವಿನ ಮೂಲ ಸಿಕ್ಕಿತೆಂದು ಹೇಳಲಾಗದು. ಬಹುಪಾಲು ಸೊಂಟನೋವಿಗೆ ಬೆರಳಿಟ್ಟು ತೋರಿಸಬಹುದಾದ ಒಂದೇ ಕಾರಣ ಸಿಗುವುದೂ ಇಲ್ಲ. ‘ಸವೆದಿದೆ’ ಎಂಬ ಮಾತು ಕೇಳಿದ ಹಿರಿಯರು ಬೆನ್ನು ಮುರಿದೇ ಹೋಗುತ್ತದೆಂದು ಹೆದರಿ ನಡೆದಾಡುವುದನ್ನೇ ಬಿಟ್ಟುಬಿಡುತ್ತಾರೆ. ಸವೆತಕ್ಕಿಂತ ಈ ಭಯವೇ ಅವರಿಗೆ ಹೆಚ್ಚು ಹಾನಿ ಮಾಡುತ್ತದೆ ಎಂದು ನನಗನಿಸುತ್ತದೆ. ಹಾಸಿಗೆ ಹಿಡಿದರೆ ಹಿರಿಯರ ಸ್ನಾಯುಬಲ ಬೇಗ ಇಳಿಯುತ್ತದೆ, ಮತ್ತೆ ಗಳಿಸಿಕೊಳ್ಳುವುದು ಕಷ್ಟ.

ಆದ್ದರಿಂದ ತಾಯಿಯವರನ್ನು ಒಮ್ಮೆ ವೈದ್ಯರು ಸರಿಯಾಗಿ ಪರೀಕ್ಷಿಸಲಿ. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದದ್ದು, ಮಲಗಿದರೂ ಬಿಡದ ರಾತ್ರಿಯ ನೋವು ಇವುಗಳಲ್ಲಿ ಯಾವುದಿದ್ದರೂ ತಡಮಾಡಬಾರದು. ಕಾಲಿನ ಬಲ ಕುಂದುವುದು, ಮಲಮೂತ್ರದ ಹಿಡಿತ ತಪ್ಪುವುದು, ತೊಡೆಸಂದಿಯ ಸುತ್ತ ಸ್ಪರ್ಶ ತಿಳಿಯದಿರುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಇವೇನೂ ಇಲ್ಲವಾದರೆ, ಆಗುವಷ್ಟು ನಡಿಗೆ ಮತ್ತು ಫಿಸಿಯೋಥೆರಪಿಸ್ಟ್ ಕಲಿಸಿಕೊಟ್ಟ ವ್ಯಾಯಾಮವೇ ಚಿಕಿತ್ಸೆಯ ಮುಖ್ಯ ಭಾಗ. ದೀರ್ಘಕಾಲದ ಸೊಂಟನೋವಿಗೆ ಬೆಲ್ಟ್ ಕಟ್ಟುವುದನ್ನೂ ಟ್ರ್ಯಾಕ್ಷನ್ ಹಾಕಿ ಬೆನ್ನನ್ನು ಎಳೆದು ಹಿಡಿಯುವುದನ್ನೂ ವಿಶ್ವ ಆರೋಗ್ಯ ಸಂಸ್ಥೆ 2023ರ ಮಾರ್ಗಸೂಚಿಯಲ್ಲಿ ಶಿಫಾರಸು ಮಾಡಿಲ್ಲ. ಅಂಗಡಿಯಿಂದ ತಂದ ನೋವಿನ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ದಿನಗಟ್ಟಲೆ ನುಂಗುವುದಂತೂ ಬೇಡ. ಅವುಗಳಲ್ಲಿ ಹಲವು ಈ ವಯಸ್ಸಿನಲ್ಲಿ ಮೂತ್ರಪಿಂಡಕ್ಕೆ ಹಾನಿ ಮಾಡಬಹುದು, ಹೊಟ್ಟೆಯೊಳಗೆ ರಕ್ತಸ್ರಾವಕ್ಕೂ ಕಾರಣವಾಗಬಹುದು.